ನಲವತ್ತೊಂಬತ್ತು ದನಿಗಳು, ಒಂದೇ ಕ್ರಮವಿಧಿ

ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳುಂಟು. ಎಳೆಯ ಮಕ್ಕಳಿಗೆ ಇವುಗಳನ್ನು ಕಲಿಸಲು ಮೊಬೈಲ್ ಫೋನಿಗೆ ಒಂದು ಆ್ಯಪ್ ರಚಿಸಬೇಕಾಗಿದೆ ಎಂದು ಭಾವಿಸಬಹುದು. ಮಗು ಪರದೆಯ ಮೇಲಿನ ‘ಅ’ವನ್ನು ಮುಟ್ಟಿದೊಡನೆ ‘ಅ’ ಎಂಬ ದನಿ ಕೇಳಿಬರಬೇಕು. ‘ಳ’ವನ್ನು ಮುಟ್ಟಿದರೆ ‘ಳ’ ಎಂಬ ದನಿ. ಕೆಲಸ ಸರಳವೆಂದೇ ತೋರುತ್ತದೆ. ಆದರೆ ಯಂತ್ರಕ್ಕೆ ತಾನಾಗಿ ಏನೂ ತಿಳಿಯದು. ಮುದ್ರಿತ ದನಿ ಎಲ್ಲಿದೆಯೆಂದು ಹುಡುಕುವುದು, ಅದನ್ನು ಸ್ಮೃತಿಕೋಶಕ್ಕೆ ತರುವುದು, ಹಿಂದಿನ ದನಿ ಮುಗಿಯದಿದ್ದರೆ ಅದನ್ನು ತಡೆಯುವುದು, ಹೊಸದನ್ನು ನುಡಿಸುವುದು, ನಡುವೆ ಯಾರಾದರೂ ಕರೆಮಾಡಿದರೆ ಸುಮ್ಮನಾಗುವುದು – ಇವೆಲ್ಲವನ್ನೂ ಆಜ್ಞೆಗಳಾಗಿ ಬರೆದಿಡಬೇಕು. ಇಂಥ ಆಜ್ಞೆಗಳ ಮಾಲೆಯೇ ಕ್ರಮವಿಧಿ, ಎಂದರೆ ಪ್ರೋಗ್ರಾಂ.

ಅನುಭವವಿಲ್ಲದವನು ‘ಅ’ಕಾರಕ್ಕೆ ಇವನ್ನು ಬರೆದು, ಅದನ್ನೇ 48 ಬಾರಿ ನಕಲುಮಾಡಿ, ಅಕ್ಷರವನ್ನಷ್ಟೇ ಬದಲಿಸುತ್ತಾನೆ. ಆ್ಯಪ್ ನಡೆಯುತ್ತದೆ. ಕೆಲವು ದಿನಗಳ ಬಳಿಕ ದೋಷವೊಂದು ಹೊರಬೀಳುತ್ತದೆ: ಬೇಗಬೇಗನೆ ಮುಟ್ಟಿದರೆ ದನಿಗಳು ಒಂದರೊಡನೊಂದು ಬೆರೆತುಹೋಗುತ್ತವೆ. ಈಗ 49 ಕಡೆ ತಿದ್ದಬೇಕು. 48 ಕಡೆ ತಿದ್ದಿ ಒಂದನ್ನು ಮರೆತರೆ, ಆ ಅಕ್ಷರದ ಶುದ್ಧ ಉಚ್ಚಾರಣೆ ಮಗುವಿನ ಕಿವಿಗೆ ಬೀಳದೆ ಹೋಗಬಹುದು.

ಈ ತೊಡಕು ಮೊಬೈಲಿಗಿಂತ ಬಹಳ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ನೇತೃತ್ವದಲ್ಲಿ ನಿರ್ಮಿತವಾದ ‘ಎಡ್‌ಸ್ಯಾಕ್’ ಎಂಬ ಗಣಕಯಂತ್ರವು 1949ರ ಮೇ 6ರಂದು ಮೊದಲ ಲೆಕ್ಕವನ್ನು ಮಾಡಿತು. ರಂಧ್ರ ಕೊರೆದ ಕಾಗದದ ಪಟ್ಟಿಯ ಮೂಲಕ ಅದಕ್ಕೆ ಆಜ್ಞೆಗಳನ್ನು ಊಡಿಸಬೇಕಾಗಿತ್ತು. ಆ ದಿನಗಳಲ್ಲೊಮ್ಮೆ ಮೆಟ್ಟಿಲ ತಿರುವಿನಲ್ಲಿ ವಿಲ್ಕ್ಸ್ ಅವರಿಗೆ ಒಂದು ಅರಿವು ಮೂಡಿತು: ತಮ್ಮ ಉಳಿದ ಆಯುಷ್ಯದ ಬಹುಭಾಗ ತಮ್ಮದೇ ಕ್ರಮವಿಧಿಗಳ ತಪ್ಪುಗಳನ್ನು ಹುಡುಕುವುದರಲ್ಲೇ ಕಳೆಯಲಿದೆ!

ಸಂಶೋಧನ ವಿದ್ಯಾರ್ಥಿಯಾಗಿದ್ದ ಡೇವಿಡ್ ವೀಲರ್ ಇದಕ್ಕೆ ದಾರಿ ತೋರಿದರು. ಪದೇಪದೇ ಬೇಕಾಗುವ ಕೆಲಸವನ್ನು ಒಮ್ಮೆ ಮಾತ್ರ ಬರೆದು, ಚೆನ್ನಾಗಿ ಪರೀಕ್ಷಿಸಿ, ಬೇಕಾದವರು ಬೇಕಾದಾಗ ಕರೆಯುವಂತೆ ಇಡುವುದು, ಇದೇ ಉಪಕ್ರಮವಿಧಿ. ಆದರೆ ಹಲವರು ಕರೆಯುವ ಆಳು, ಕೆಲಸ ಮುಗಿದ ಮೇಲೆ ಯಾರ ಬಳಿಗೆ ಮರಳಬೇಕು? ಕರೆಯುವವನೇ ತಾನಿರುವ ಸ್ಥಾನವನ್ನು ಮೊದಲು ತಿಳಿಸಿಬಿಡಲಿ ಎಂಬುದು ವೀಲರ್ ಅವರ ಉಪಾಯ. 1951ರ ವೇಳೆಗೆ ಕೇಂಬ್ರಿಜ್‌ನಲ್ಲಿ ಇಂಥ 87 ಉಪಕ್ರಮವಿಧಿಗಳ ಭಂಡಾರವೇ ಸಿದ್ಧವಾಗಿತ್ತು.

ಅಕ್ಷರದ ಆ್ಯಪಿಗೂ ಇದೇ ಮಾರ್ಗ. ‘ನುಡಿಸು’ ಎಂಬ ಒಂದು ಉಪಕ್ರಮವಿಧಿ ಸಾಕು. ಅದರೊಳಗೆ ಯಾವ ಅಕ್ಷರದ ಹೆಸರೂ ಇರಕೂಡದು. ಆ ಸ್ಥಳ ತೆರವಾಗಿದ್ದು, ಕರೆಯುವಾಗ ತುಂಬಬೇಕು. ಹಾಗಾದರೆ ನಾಳೆ ಅಂಕಿಗಳಿಗೂ, ಹಕ್ಕಿಗಳ ಕೂಗಿಗೂ ಅದೇ ಒದಗುತ್ತದೆ. ಸ್ಮೃತಿಕೋಶದ ಚಿಂತೆಯೂ ಅದರದೇ. ಸೆಕೆಂಡಿಗೆ 44,100 ಮಾದರಿಗಳಂತೆ, ಮಾದರಿಯೊಂದಕ್ಕೆ 2 ಬೈಟ್‌ಗಳಂತೆ ದಾಖಲಾದ ಒಂದು ಸೆಕೆಂಡಿನ ದನಿಗೆ 88,200 ಬೈಟ್‌ಗಳು ಬೇಕು. ಅಕ್ಷರಗಳ ಕಿರುದನಿಗಳನ್ನು ಮೊದಲೇ ತಂದಿಟ್ಟುಕೊಳ್ಳಬಹುದು. ಐದು ನಿಮಿಷದ ಹಾಡನ್ನಾದರೆ ತುಣುಕು ತುಣುಕಾಗಿ ತಂದು ನುಡಿಸುವುದೇ ಲೇಸು. ಕರೆಯುವವನಿಗೆ ಈ ಒಳಮರ್ಮ ತಿಳಿದಿರಬೇಕಾಗಿಲ್ಲ.

ಇದರಲ್ಲಿ ಅಪಾಯವಿಲ್ಲವೆಂದಲ್ಲ. ‘ನುಡಿಸು’ವಿನಲ್ಲಿ ಒಂದು ತಪ್ಪು ನುಸುಳಿದರೆ 49 ಅಕ್ಷರಗಳೂ ಒಮ್ಮೆಗೇ ಮೂಕವಾದಾವು. ಆದರೆ ಆ ತಪ್ಪು ‘ಅ’ವನ್ನು ಮುಟ್ಟಿದ ಮೊದಲ ಗಳಿಗೆಯಲ್ಲೇ ಬರೆದವನಿಗೆ ಗೊತ್ತಾಗುತ್ತದೆ, ನಕಲಿನಲ್ಲಿ ಅಡಗಿದ ‘ಳ’ಕಾರದ ತಪ್ಪಾದರೋ, ಮಗುವೊಂದು ವರ್ಣಮಾಲೆಯ ಕೊನೆಯವರೆಗೆ ಕಲಿತು ಬರುವ ತನಕ ಕಾದು ಕುಳಿತಿರುತ್ತದೆ.