ಮೊದಲು ‘ಏನು ಬೇಡ’ ಎಂದು ಕೇಳು

ಪುಟ್ಟೀ,

ಮತ್ತೆ ಕೋವಿಡ್‌ನಂಥ ಕಾಯಿಲೆಯ ಕಾಲ ಬಂದರೆ ಗೆಳತಿಯರನ್ನು ಸೇರಿಸಿಕೊಂಡು ಸೇವಾ ತಂಡ ಕಟ್ಟುತ್ತೇನೆ, ಹೆಸರನ್ನೂ ಗೊತ್ತುಮಾಡಿದ್ದೇನೆ ಎಂದೆಯಲ್ಲ. ಕೇಳಿ ಮನಸ್ಸು ತುಂಬಿತು. ಹೆಸರು ಆಮೇಲಾಗಲಿ, ಮೊದಲು ನಾವು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಬ್ಯಾಂಕಿನಿಂದ ನಿವೃತ್ತರಾದ ನಾವು ನಾಲ್ಕೈದು ಜನ, ಬೀದಿಯ ಹುಡುಗರ ಜೊತೆ ಸೇರಿ, ನೂರಿಪ್ಪತ್ತು ಪೊಟ್ಟಣ ಪುಳಿಯೋಗರೆ ಕಟ್ಟಿಸಿ ಹತ್ತಿರದ ಒಂದು ವೃದ್ಧಾಶ್ರಮಕ್ಕೆ ಒಯ್ದೆವು. ಅಲ್ಲಿ ನೋಡಿಕೊಳ್ಳುತ್ತಿದ್ದ ಅಮ್ಮ ಕೈಮುಗಿದು ತೆಗೆದುಕೊಂಡರು. ಅದೇ ಬೆಳಗ್ಗೆ ಇನ್ನಿಬ್ಬರು ಊಟ ಇಳಿಸಿ ಹೋಗಿದ್ದರಂತೆ. ಅದು ನಮಗೆ ತಿಳಿದದ್ದು ಮರುದಿನ, ಹಳಸಿದ ಅನ್ನವನ್ನು ಗುಂಡಿಗೆ ಸುರಿಯುವುದನ್ನು ಕಂಡಾಗ. ‘ಬೇಡ ಅಂದರೆ ನಾಳೆ ನೀವು ಬರದೇ ಹೋದರೆ ಏನು ಮಾಡಲಿ?’ ಎಂದರು ಆಕೆ. ಅಲ್ಲಿನ ಕೊರತೆಯೇ ಬೇರೆಯಿತ್ತು. ಬಸ್ಸಿಲ್ಲದೆ ಮೂವರು ಆಯಾಗಳಲ್ಲಿ ಇಬ್ಬರಿಗೆ ಬರಲಾಗಿರಲಿಲ್ಲ. ಹಾಸಿಗೆ ಹಿಡಿದವರನ್ನು ಮಗ್ಗುಲಿಗೆ ಹೊರಳಿಸಲು ಕೈ ಸಾಲದು. ದೊಡ್ಡವರ ಡೈಪರ್ ಮುಗಿದಿತ್ತು, ಬಿಪಿ ಮಾತ್ರೆ ಎರಡು ದಿನಕ್ಕಿತ್ತು.

ಆದ್ದರಿಂದ ಹೇಳುತ್ತೇನೆ: ಹೊಸದೊಂದು ಸಂಸ್ಥೆ ಹುಟ್ಟುಹಾಕುವ ಅವಸರ ಬೇಡ. ನಿಮ್ಮ ಸುತ್ತ ಆಗಲೇ ದುಡಿಯುತ್ತಿರುವ ನಾಲ್ಕು ಸಂಸ್ಥೆಗಳನ್ನು ಆರಿಸಿಕೊಳ್ಳಿ. ವಾರಕ್ಕೊಮ್ಮೆ, ಗೊತ್ತಾದ ದಿನ, ನಿಮ್ಮಲ್ಲಿ ಒಬ್ಬಳೇ ಫೋನ್ ಮಾಡಲಿ. ದಿನಕ್ಕೆ ಹತ್ತು ಜನ ವಿಚಾರಿಸಿದರೆ ಉತ್ತರ ಕೊಡುವುದೇ ಅವರಿಗೊಂದು ಕೆಲಸವಾಗುತ್ತದೆ. ಮೊದಲು ಏನು ಬೇಡ ಎಂದು ಕೇಳಿ. ಕೊಡುವವರ ಮುಂದೆ ಬೇಡ ಅನ್ನಲು ಅವರಿಗೆ ನಾಲಿಗೆ ಏಳುವುದಿಲ್ಲ. ಆ ಸಂಕೋಚವನ್ನು ನೀವೇ ಬಿಡಿಸಬೇಕು. ನಾವು ಆಮೇಲೆ ಮಾಡಿದ್ದು ಇಷ್ಟೇ: ಲಾಕ್‌ಡೌನಿನಲ್ಲಿ ಓಡಾಡಲು ಪಾಸ್ ಇದ್ದ ಒಬ್ಬರ ಕಾರಿನಲ್ಲಿ ಆಯಾಗಳನ್ನು ದಿನಾ ಕರೆತಂದು ಬಿಟ್ಟೆವು. ನೂರಿಪ್ಪತ್ತು ಪೊಟ್ಟಣಕ್ಕಿಂತ ಅದು ದೊಡ್ಡ ನೆರವಾಯಿತು.

ಇನ್ನು ದುಡ್ಡಿನ ಮಾತು. ಜನ ಅಕ್ಕಿ ಮೂಟೆ ಸಂತೋಷದಿಂದ ಕೊಡುತ್ತಾರೆ. ಆ ಅಕ್ಕಿ ಬೇಯಿಸುವವಳ ಸಂಬಳ, ಕಟ್ಟಡದ ಬಾಡಿಗೆ, ಕರೆಂಟ್ ಬಿಲ್ ಕೇಳಿದರೆ ಮುಖ ತಿರುಗಿಸುತ್ತಾರೆ. ಸಣ್ಣ ಸಂಸ್ಥೆಗಳಿಗೆ ಪೆಟ್ಟು ಬೀಳುವುದು ಅಲ್ಲಿಯೇ. 2020ರ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ಕಾಯ್ದೆಯ ತಿದ್ದುಪಡಿಯೂ ಬಂತು. ಹೊರದೇಶದಿಂದ ಬಂದ ಹಣವನ್ನು ದೊಡ್ಡ ಸಂಸ್ಥೆ ಸಣ್ಣದಕ್ಕೆ ದಾಟಿಸುವಂತಿಲ್ಲ ಎಂದಾಯಿತು. ಆ ಹಣದಲ್ಲಿ ಆಡಳಿತ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಅಂಥ ಹೊತ್ತಿನಲ್ಲಿ ಒಮ್ಮೆ ಬಂದು ನಿಂತ ಐದು ಸಾವಿರಕ್ಕಿಂತ, ಇಪ್ಪತ್ತೈದು ಮನೆಗಳಿಂದ ತಿಂಗಳು ತಿಂಗಳೂ ಬರುವ ಇನ್ನೂರಿನ್ನೂರು ರೂಪಾಯಿಯೇ ಮೇಲು. ಇಷ್ಟು ಬಂದೇ ಬರುತ್ತದೆ ಎಂಬ ಧೈರ್ಯದ ಮೇಲೆ ಅವರು ಅಡುಗೆಯವಳನ್ನು ಬಿಡಿಸದೆ ಉಳಿಸಿಕೊಳ್ಳಬಹುದು. ಹಣ ನಿಮ್ಮ ಖಾತೆಗೆ ಬೇಡ, ನೇರ ಸಂಸ್ಥೆಯ ಖಾತೆಗೆ ಹೋಗಲಿ, ರಸೀದಿ ಕೊಡಿಸಿ. ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಕೇಳುವವರಿಗೆ ಎರಡು ಸಾವಿರಕ್ಕೆ ಮೀರಿದ ನಗದಿಗೆ ಅದು ಸಿಗುವುದಿಲ್ಲ ಎಂದು ಮೊದಲೇ ತಿಳಿಸಿ. ಲೆಕ್ಕ ಬರೆಯಲು ಬರುವ ಹುಡುಗಿ ನಿಮ್ಮಲ್ಲಿದ್ದರೆ, ತಿಂಗಳಿಗೆರಡು ದಿನ ಅವಳನ್ನು ಕಳುಹಿಸಿ. ಎಷ್ಟೋ ಕಡೆ ಬಿಲ್ಲುಗಳು ರಟ್ಟಿನ ಡಬ್ಬದಲ್ಲೇ ಬಿದ್ದಿರುತ್ತವೆ.

ಕೈಚಾಚಿದವರ ಫೋಟೊ ತೆಗೆಯಬೇಡಿ. ಇದರಲ್ಲಿ ನನ್ನದು ಹಟವೆಂದೇ ತಿಳಿ.

ನಿಮ್ಮ ಮೈಯನ್ನೂ ನೋಡಿಕೊಳ್ಳಬೇಕು. 2021ರ ಎರಡನೇ ಅಲೆಯಲ್ಲಿ ನಮ್ಮಲ್ಲಿ ಅರ್ಧ ಜನ ಒಂದೇ ವಾರದಲ್ಲಿ ಮಲಗಿದರು. ನಾವು ಮನೆಮನೆಗೆ ತಲುಪಿಸುತ್ತಿದ್ದ ಮಾತ್ರೆಗಳಲ್ಲಿ ಯಾವುದು ಯಾರಿಗೆ ಎಂಬುದು ಒಬ್ಬನ ತಲೆಯಲ್ಲಷ್ಟೇ ಇತ್ತು. ಅವನು ಆಸ್ಪತ್ರೆ ಸೇರಿದ. ಆ ಮೂರು ದಿನಗಳ ಪರದಾಟವನ್ನು ನೆನೆದರೆ ಈಗಲೂ ಎದೆ ಹಿಂಡುತ್ತದೆ. ಪ್ರತಿ ಕೆಲಸಕ್ಕೂ ಇಬ್ಬರಿರಲಿ, ಎಲ್ಲವೂ ಬರಹದಲ್ಲಿರಲಿ. ಮನೆಯಲ್ಲಿ ವಯಸ್ಸಾದವರಿದ್ದರೆ ಫೋನಿನ ಕೆಲಸ ತೆಗೆದುಕೋ, ಅದೂ ಸೇವೆಯೇ.

ನಮ್ಮ ಆಗಿನ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಭಾನುವಾರ ಬಾ, ಕೊಡುತ್ತೇನೆ. ಆ ವೃದ್ಧಾಶ್ರಮದ ಅಮ್ಮ ಈಗಲೂ ಅಲ್ಲಿಯೇ ಇದ್ದಾರೆ. ಕಾಯಿಲೆ ಬರುವವರೆಗೆ ಕಾಯದೆ ಒಮ್ಮೆ ಹೋಗಿ ಮಾತಾಡಿಸಿಕೊಂಡು ಬರೋಣ.