ಕಾಣದ ಹರಾಜಿನಲ್ಲಿ ಹಳೆಯ ನಾಣ್ಯ



ನಮ್ಮ ಊರುಗಳ ಕಡೆ ದೇವಸ್ಥಾನದ ತೋಪಿನ ಹುಣಸೆಯ ಫಸಲನ್ನು ಹರಾಜು ಹಾಕುವುದನ್ನು ನಿಮ್ಮಲ್ಲಿ ಅನೇಕರು ನೋಡಿರುವಿರಿ. ಸವಾಲು ಕೂಗುವವನು ಮೊದಲು ಮರದ ಸುತ್ತ ಒಂದು ಸುತ್ತು ಬರುತ್ತಾನೆ. ಕೊಂಬೆ ಬಗ್ಗಿಸಿ ಕಾಯಿ ಮುರಿದು ನೋಡುತ್ತಾನೆ. ಎದುರಾಳಿ ಯಾರು, ಅವನ ಗಂಟಿನಲ್ಲಿ ಎಷ್ಟಿದೆ ಎಂಬುದೂ ಅವನಿಗೆ ಸುಮಾರಾಗಿ ಗೊತ್ತು. ವಸ್ತು, ಮಾರುವವ, ಪ್ರತಿಸ್ಪರ್ಧಿ ಮೂರೂ ಕಣ್ಣೆದುರಿಗೆ ಇರುತ್ತವೆ. ಈಗ ಅಂತರ್ಜಾಲದಲ್ಲಿ, ಅಂಗೈಯೊಳಗಿನ ಫೋನಿನಲ್ಲಿ ನಡೆಯುವ ಹರಾಜಿನಲ್ಲಿ ಈ ಮೂರೂ ಕಾಣುವುದಿಲ್ಲ. ಅಲ್ಲಿ ಹಳೆಯ ನಾಣ್ಯ ಕೊಳ್ಳಹೋಗಿ, ಮಾರಹೋಗಿ ಬೇಸತ್ತವರು ನಮ್ಮ ವಾಚನಾಲಯಕ್ಕೆ ಬರುವವರಲ್ಲಿಯೂ ಇದ್ದಾರೆ. ಈ ಲೇಖಕನೂ ಅವರಲ್ಲೊಬ್ಬ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಆ ಬುದ್ಧಿ ಇನ್ನೊಬ್ಬರಿಗೆ ಕೆಡುವ ಮೊದಲೇ ಸಿಗಲಿ ಎಂದು ಈ ಪಾಠ.

ಬೆಲೆ ಏರುವ ಬಗೆ

ಈ ಬಗೆಯ ಹರಾಜಿಗೆ ಹೆಸರು ತಂದದ್ದು ಅಮೆರಿಕದಲ್ಲಿ 1995ರಲ್ಲಿ ಆರಂಭವಾದ ಈಬೇ. ಅದನ್ನು ಕಟ್ಟಿದ ಪಿಯರ್ ಒಮಿಡ್ಯಾರ್ ಮೊದಲು ಮಾರಿದ ವಸ್ತು ಕೆಟ್ಟುಹೋದ ಒಂದು ಲೇಸರ್ ಸೂಚಕ. ಅದು 14 ಡಾಲರ್ 83 ಸೆಂಟಿಗೆ ಹೋಯಿತು. ಕೆಟ್ಟದ್ದೆಂದು ತಿಳಿದೇ ಕೊಂಡಿರಾ ಎಂದು ಕೇಳಿದರೆ, ಅಂಥವನ್ನು ಕೂಡಿಡುವುದೇ ತನ್ನ ಹವ್ಯಾಸವೆಂದು ಕೊಂಡವನು ಹೇಳಿದನಂತೆ. ಸಂಗ್ರಾಹಕನ ಮನಸ್ಸು ಅಂಥದು. ನಮ್ಮ ದೇಶದಲ್ಲಿದ್ದ ಈಬೇ ಶಾಖೆ 2018ರಲ್ಲಿ ಮುಚ್ಚಿತು. ಆದರೆ ನಾಣ್ಯಗಳ ಹರಾಜು ಬೇರೆ ಬೇರೆ ತಾಣಗಳಲ್ಲಿ ನಡೆದೇ ಇದೆ.

ಇಂಥ ಅನೇಕ ಹರಾಜುಗಳಲ್ಲಿ ನೀವು ನಿಮ್ಮ ಗರಿಷ್ಠ ಬೆಲೆಯನ್ನು ಮೊದಲೇ ಯಂತ್ರಕ್ಕೆ ಹೇಳಿಡಬಹುದು. ನಿಮ್ಮ ಮಿತಿ 1,000 ರೂಪಾಯಿ, ಇನ್ನೊಬ್ಬನದು 700, ಏರಿಕೆಯ ಮೆಟ್ಟಿಲು 50 ಎಂದಿಟ್ಟುಕೊಳ್ಳಿ. ಆಗ ವಸ್ತು ನಿಮಗೆ 750ಕ್ಕೆ ಬರುತ್ತದೆ, ಸಾವಿರಕ್ಕಲ್ಲ. ಗೆದ್ದವನು ಎರಡನೆಯವನ ಬೆಲೆಯನ್ನು ಕೊಡುವ ಗುಟ್ಟಿನ ಹರಾಜಿನಲ್ಲಿ, ತನಗೆ ನಿಜವಾಗಿ ಎಷ್ಟು ಬೆಲೆಯೆನಿಸುತ್ತದೋ ಅಷ್ಟನ್ನೇ ಹೇಳುವುದು ಜಾಣತನವೆಂದು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲಿ ತೋರಿಸಿದರು. 1996ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಹೀಗಿದ್ದೂ ನಾವೇಕೆ ಕೈ ಸುಟ್ಟುಕೊಳ್ಳುತ್ತೇವೆ? ಮಿತಿಯನ್ನು ಮೊದಲು ನಿಶ್ಚಯಿಸದೆ, ಎದುರಾಳಿಯ ಮೇಲಿನ ಹಟಕ್ಕೆ ಏರಿಸುತ್ತ ಹೋಗುವುದರಿಂದ. ಕೆಲವರು ಕೊನೆಯ ಕ್ಷಣದವರೆಗೆ ಸುಮ್ಮನಿದ್ದು ಆಮೇಲೆ ಕೂಗುತ್ತಾರೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಆಕೆನ್‌ಫೆಲ್ಸ್ ಎಂಬ ವಿದ್ವಾಂಸರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಕಾರಣ ಕಾಣುತ್ತದೆ. ಗಡಿಯಾರ ನೋಡಿ ಬಾಗಿಲು ಮುಚ್ಚುವ ಈಬೇಯಲ್ಲಿ ಕೊನೆಗಳಿಗೆಯ ಕೂಗು ಹೆಚ್ಚು; ತಡವಾಗಿ ಕೂಗಿದರೆ ಸಮಯವನ್ನು ಮುಂದೂಡುತ್ತಿದ್ದ ಅಂದಿನ ಅಮೆಜಾನ್ ಹರಾಜಿನಲ್ಲಿ ಅದು ಕಡಿಮೆ. ಇನ್ನು ಮಾರುವವನೇ ಬೇರೆ ಹೆಸರಿನಿಂದ ಕೂಗಿ ಬೆಲೆ ಏರಿಸುವ ಕಪಟವೂ ಉಂಟು. ಊರಿನ ಹರಾಜಿನಲ್ಲಿ ಅವನ ಮುಖ ಕಾಣುತ್ತಿತ್ತು; ಇಲ್ಲಿ ಕಾಣದು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮಯಿಲಿ ಕಾಸಿನ ಮೇಲೆ ಕನ್ನಡ ಅಕ್ಷರಗಳಿವೆ. ಪರಊರಿನಲ್ಲಿ ಕುಳಿತವನಿಗೆ ಆ ಅಕ್ಷರ ಕಂಡರೆ ಮನಸ್ಸು ನಿಲ್ಲುವುದಿಲ್ಲ. 600 ರೂಪಾಯಿ ಕೊಡಬಹುದೆಂದು ನಾನು ಎಣಿಸಿದ್ದೆ, ಆದರೆ ಬರೆದಿಟ್ಟಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಸವಾಲು 1,850ಕ್ಕೆ ನನ್ನ ಹೆಸರಿನಲ್ಲಿ ನಿಂತಿತು. ಅದರ ಮೇಲೆ ಹರಾಜಿನವರ ದಲ್ಲಾಳಿ, ದಲ್ಲಾಳಿಯ ಮೇಲೆ ತೆರಿಗೆ, ಅಂಚೆಯ ವೆಚ್ಚ ಸೇರಿ ಲೆಕ್ಕ 2,200 ದಾಟಿತು. ವಸ್ತುವಿನ ಬೆಲೆಯನ್ನು ಹತ್ತು ಜನ ಅಂದಾಜು ಮಾಡಿದರೆ, ಎಲ್ಲರಿಗಿಂತ ಹೆಚ್ಚಾಗಿ ತಪ್ಪಿದವನೇ ಅನೇಕ ವೇಳೆ ಗೆಲ್ಲುತ್ತಾನೆ. ಅಂದು ಗೆದ್ದವನು ನಾನು.

ಚಿತ್ರವನ್ನು ತೂಗಲು ಬರುವುದಿಲ್ಲ

ಕಾಸು ಬಂದಿತು. ಅಂಚಿನ ಸುತ್ತ ತೆಳುವಾದ ಬೆಸುಗೆಯ ಗೆರೆ, ಮೈಮೇಲೆ ಸೂಜಿಮೊನೆಯಂಥ ಗುಳಿಗಳು. ಟಂಕಸಾಲೆಯ ನಾಣ್ಯವನ್ನು ಅಚ್ಚಿನ ನಡುವೆ ಇಟ್ಟು ಒತ್ತುತ್ತಾರೆ. ನಕಲು ಮಾಡುವವರು ಹಲವು ವೇಳೆ ಎರಕ ಹೊಯ್ಯುತ್ತಾರೆ. ಗುಳಿಯೂ ಗೆರೆಯೂ ಎರಕದ ಗುರುತುಗಳು. ಚಿತ್ರದಲ್ಲಿ ಅಂಚನ್ನು ತೋರಿಸಿರಲಿಲ್ಲ. ತೋರಿಸಿರೆಂದು ನಾನೂ ಕೇಳಿರಲಿಲ್ಲ.

ಬೆಳ್ಳಿ ರೂಪಾಯಿಯ ವಿಷಯದಲ್ಲಿ ಈ ಮೂರು ಮಾತು ನೆನಪಿರಲಿ. 1862ರಿಂದ 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಒಂದು ತೊಲೆ. ಅದರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. 1940ರಿಂದ 1945ರವರೆಗಿನದರಲ್ಲಿ ಬೆಳ್ಳಿ ಅರ್ಧ ಮಾತ್ರ. 1947ರ ರೂಪಾಯಿ ನಿಕ್ಕಲಿನದು; ಅದನ್ನು ಅಯಸ್ಕಾಂತ ಎಳೆಯುತ್ತದೆ, ಬೆಳ್ಳಿಯನ್ನು ಎಳೆಯದು. 1939ರ ಬೆಳ್ಳಿ ರೂಪಾಯಿ ಬಹಳ ವಿರಳ. ವಿರಳವಾದುದರಿಂದಲೇ ಅದರ ನಕಲುಗಳೂ ಉಂಟು. ಆದುದರಿಂದ ಎರಡು ಮುಖ, ಅಂಚು ಮತ್ತು ತಕ್ಕಡಿಯ ಮೇಲಿಟ್ಟ ತೂಕ, ಈ ನಾಲ್ಕರ ಚಿತ್ರ ಕೊಡದವನಿಂದ ಕೊಳ್ಳಬೇಡಿ. ತೂಕ ಸರಿಯಿದ್ದ ಮಾತ್ರಕ್ಕೆ ನಾಣ್ಯ ಅಸಲಿಯೆಂದಲ್ಲ. ತೂಕ ತಪ್ಪಿದರೆ ಮಾತ್ರ ಸಂಶಯಕ್ಕೆ ಎಡೆಯುಂಟು.

ಮಾರುವವನ ಪಾಡು

ತಂಗಿಯ ಮಗನ ಶಾಲೆಯ ಶುಲ್ಕಕ್ಕೆಂದು, ಅಜ್ಜಿಯ ಡಬ್ಬಿಯಲ್ಲಿದ್ದ ಐದನೇ ಜಾರ್ಜರ ನಾಲ್ಕು ರೂಪಾಯಿಗಳನ್ನು ಮಾರಲು ಹೊರಟೆ. ಕಪ್ಪಾಗಿವೆಯಲ್ಲಾ ಎಂದು ವಿಭೂತಿ ಹಾಕಿ ತಿಕ್ಕಿದೆ, ಕನ್ನಡಿಯಂತೆ ಹೊಳೆದವು. ಅದೇ ತಪ್ಪಾಯಿತು. ಹಳೆಯ ನಾಣ್ಯದ ಮೈಮೇಲೆ ಕಾಲ ಬಿಟ್ಟ ಬಣ್ಣಕ್ಕೇ ಸಂಗ್ರಾಹಕರು ಹಣ ಕೊಡುತ್ತಾರೆ; ತಿಕ್ಕಿದ ಗೀರುಗಳನ್ನು ಕಂಡರೆ ಹಿಂದೆ ಸರಿಯುತ್ತಾರೆ. ಬೆಳ್ಳಿಯ ತೂಕಕ್ಕಿಂತ ಹೆಚ್ಚು ಯಾರೂ ಕೂಗಲಿಲ್ಲ. ಕೂಗಿ ಗೆದ್ದವನು ಹಣ ಕಳಿಸಲಿಲ್ಲ, ಮಾತೂ ಆಡಲಿಲ್ಲ. ಎರಡನೆಯ ಸಲ ಹರಾಜಿಗಿಟ್ಟಾಗ ಇನ್ನೂ ಕಡಿಮೆಗೆ ಹೋದವು. ಹಣಕ್ಕಿಂತ ಹೆಚ್ಚಾಗಿ, ಅಜ್ಜಿ ಅರವತ್ತು ವರ್ಷ ಕಾಪಾಡಿದ್ದನ್ನು ಹತ್ತು ನಿಮಿಷದಲ್ಲಿ ತಿಕ್ಕಿ ಹಾಳುಮಾಡಿದೆನಲ್ಲಾ ಎಂಬುದೇ ಇಂದಿಗೂ ಚುಚ್ಚುತ್ತದೆ.

ಮಾರುವವರು ತಿಳಿಯಬೇಕಾದ ಕಾನೂನೂ ಒಂದಿದೆ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವುದು ಅಪರಾಧ. ಹೊರದೇಶದವನು ಹೆಚ್ಚು ಹಣ ಕೊಡುತ್ತೇನೆಂದರೂ ಒಪ್ಪಬೇಡಿ.

ಹರಾಜೇ ಅಲ್ಲದ ಹರಾಜು

ಹೋಟೆಲಿನಲ್ಲಿ ದುಡಿಯುವ ನಮ್ಮ ಸ್ನೇಹಿತರೊಬ್ಬರ ಬಳಿ 2012ರ ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯವಿತ್ತು. ಅದಕ್ಕೆ ಲಕ್ಷಗಟ್ಟಲೆ ಕೊಡುವವರಿದ್ದಾರೆಂದು ಫೋನಿನಲ್ಲಿ ಒಬ್ಬನು ನಂಬಿಸಿದ. ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ರಿಸರ್ವ್ ಬ್ಯಾಂಕಿನ ಮುದ್ರೆಯಿದ್ದ ಒಂದು ಕಾಗದ. ಒಂದು ತಿಂಗಳ ಸಂಬಳ ಹೋಯಿತು. ನಾಣ್ಯ ಅವರ ಜೇಬಿನಲ್ಲಿಯೇ ಉಳಿಯಿತು. ಚಲಾವಣೆಗೆ ಬಂದ ಇಂಥ ನಾಣ್ಯಗಳು ಎಷ್ಟೋ ಜನರ ಕೈಯಲ್ಲಿವೆ; ಅವಕ್ಕೆ ಲಕ್ಷ ಕೊಡುವವರಿಲ್ಲ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಸ್ಪಷ್ಟವಾಗಿ ತಿಳಿಸಿದೆ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಒತ್ತಿರೆಂದು ಹೇಳುವವನು ವಂಚಕ.

ಮೋಸ ಹೋದವರು ನಾಚಿಕೆಯಿಂದ ಸುಮ್ಮನಿರಬಾರದು. ಹಣ ಕಳೆದ ಕೂಡಲೆ 1930ಕ್ಕೆ ಫೋನು ಮಾಡಿರಿ. ತಡವಾದಷ್ಟೂ ಹಣ ಕೈಗೆ ಸಿಗುವುದು ಕಷ್ಟ. ಕೊಂಡ ವಸ್ತುವಿನ ತಕರಾರಿಗೆ ಗ್ರಾಹಕ ಸಹಾಯವಾಣಿ 1915 ಇದೆ. 2020ರ ಇ-ವಾಣಿಜ್ಯ ನಿಯಮಗಳಂತೆ ಮಾರಾಟದ ತಾಣವು ದೂರು ಬಂದುದನ್ನು 48 ಗಂಟೆಯೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. ಪೊಟ್ಟಣ ಬಿಚ್ಚುವಾಗ ಚಿತ್ರ ತೆಗೆದಿಟ್ಟುಕೊಂಡರೆ ನಿಮ್ಮ ಮಾತಿಗೆ ಆಧಾರವಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ನಾಣ್ಯ ಕೂಡಿಡುವುದನ್ನೇ ಬಿಡಬೇಕೇ ಎಂದು ಕೇಳುವಿರಿ. ಬಿಡಬೇಕಾಗಿಲ್ಲ. ದುಡಿದು ದಣಿದವನಿಗೆ ಅದೊಂದು ಒಳ್ಳೆಯ ನೆಮ್ಮದಿ. ಆದರೆ ಸವಾಲು ಕೂಗುವ ಮೊದಲು ಒಂದು ಚೀಟಿಯಲ್ಲಿ ನಿಮ್ಮ ಮಿತಿಯನ್ನು ಬರೆಯಿರಿ; ದಲ್ಲಾಳಿ, ತೆರಿಗೆ, ಅಂಚೆ ಎಲ್ಲವೂ ಅದರೊಳಗೇ ಬರಲಿ. ಆ ಅಂಕಿಯನ್ನು ಒಂದೇ ಸಲ ಯಂತ್ರಕ್ಕೆ ಹೇಳಿ ಮಲಗಿರಿ. ಸಿಕ್ಕರೆ ಸಂತೋಷ, ಸಿಗದಿದ್ದರೆ ಹಣ ಉಳಿಯಿತು. ನನ್ನ ಎರಕದ ಮಯಿಲಿ ಕಾಸನ್ನು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ. ಬಿಡುವಿದ್ದಾಗ ಬಂದು ಅದರ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿರಿ. 2,200 ರೂಪಾಯಿಯ ಪಾಠ ನಿಮಗೆ ಪುಕ್ಕಟೆಯಾಗಿ ಸಿಗುತ್ತದೆ.