ಸೈಕಲ್ ಹತ್ತುವಾಗ, ನಿಲ್ಲಿಸುವಾಗ

ಸೈಕಲ್ ತುಳಿಯುವುದು ನಿಮಗೆ ಚೆನ್ನಾಗಿ ಬರುತ್ತದೆ, ಒಪ್ಪಿದೆ. ಆದರೆ ನೀವು ಹತ್ತುವ ರೀತಿ ನೋಡಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಎಡಗಾಲನ್ನು ಪೆಡಲ್ ಮೇಲಿಟ್ಟು, ಬಲಗಾಲಲ್ಲಿ ಕುಂಟುತ್ತ ನಾಲ್ಕು ಹೆಜ್ಜೆ ಓಡಿ, ಆಮೇಲೆ ಕಾಲು ಬೀಸಿ ಕೂರುತ್ತೀರಿ. ಕಾಲಿನ್ನೂ ಗಾಳಿಯಲ್ಲಿರುವಾಗಲೇ ಸೈಕಲ್ ವಾಲಾಡುತ್ತಿರುತ್ತದೆ, ಹಿಂದೆ ಬಸ್ಸು ಬರುತ್ತಿರುತ್ತದೆ. ಕ್ಯಾರಿಯರ್ ಮೇಲೆ ಚೀಲವಿದ್ದರಂತೂ ಕಾಲು ಅದಕ್ಕೇ ತಗಲುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೀಗೆ ಮಾಡಿ. ಸೆರಗನ್ನೋ ದುಪಟ್ಟಾವನ್ನೋ ಮೊದಲು ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಸ್ಟ್ಯಾಂಡ್ ತೆಗೆದು, ಬ್ರೇಕ್ ಹಿಡಿದುಕೊಂಡೇ ಸೈಕಲನ್ನು ಎಡಕ್ಕೆ ವಾಲಿಸಿ ಬಲಗಾಲು ದಾಟಿಸಿ. ಆಗಲೇ ಸೀಟಿನ ಮೇಲೆ ಕೂರಬೇಡಿ, ಅದರ ಮುಂದೆ ನಿಲ್ಲಿ. ಎಡಗಾಲು ನೆಲದ ಮೇಲಿರಲಿ. ಬಲ ಪೆಡಲನ್ನು ಪಾದದಿಂದ ಎತ್ತಿ, ಗಡಿಯಾರದಲ್ಲಿ ಎರಡು ಗಂಟೆ ಇರುವ ಜಾಗಕ್ಕೆ ತನ್ನಿ. ಹಿಂದೆ ತಿರುಗಿ ನೋಡಿ. ರಸ್ತೆ ಖಾಲಿಯಿದ್ದರೆ ಬ್ರೇಕ್ ಬಿಟ್ಟು, ಆ ಪೆಡಲ್ ಮೇಲೆ ಪೂರಾ ಭಾರ ಹಾಕಿ ಎದ್ದು ನಿಲ್ಲಿ. ಆ ಒಂದೇ ತುಳಿತಕ್ಕೆ ಸೈಕಲ್ ಮುಂದೆ ಹೋಗುತ್ತದೆ, ನೀವೂ ಸೀಟಿನ ಎತ್ತರಕ್ಕೆ ಬರುತ್ತೀರಿ. ಆಗ ಕೂರಿ. ನೆಲಕ್ಕೆ ಎಡಗಾಲೇ ಏಕೆಂದರೆ, ನಮ್ಮಲ್ಲಿ ಗಾಡಿಗಳು ಬಲಬದಿಯಿಂದ ದಾಟಿ ಹೋಗುತ್ತವೆ. ಆಯ ತಪ್ಪಿದರೂ ನೀವು ವಾಲುವುದು ರಸ್ತೆಯ ಅಂಚಿನ ಕಡೆಗೆ.

ಕೂತಲ್ಲಿಂದಲೇ ಎರಡೂ ಕಾಲು ನೆಲಕ್ಕೆ ಸಿಗಲಿ ಅಂತ ಸೀಟು ತಗ್ಗಿಸುವ ಚಾಳಿ ಬಿಡಿ, ಮಂಡಿ ನೋಯುತ್ತದೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಅಷ್ಟೇ ಅಳತೆ. 2006-07ರಲ್ಲಿ ಶುರುವಾದ ಸರ್ಕಾರಿ ಯೋಜನೆಯಲ್ಲಿ ಎಂಟನೇ ತರಗತಿಯವರಿಗೆ ಸಿಕ್ಕ ಸೈಕಲ್ ಅಕ್ಕನಿಂದ ತಂಗಿಗೆ ಬಂದಿದ್ದರೆ, ಸೀಟು ಇನ್ನೂ ಅಕ್ಕನ ಎತ್ತರಕ್ಕೇ ಇದೆಯೇನೋ ನೋಡಿ, ಸ್ಪ್ಯಾನರ್ ಹಿಡಿದು ಸರಿಮಾಡಿಕೊಡಿ.

ನಿಲ್ಲಿಸುವಾಗ ಚಪ್ಪಲಿ ಉಜ್ಜಬೇಡಿ, ಓಡುವ ಸೈಕಲಿನಿಂದ ಜಿಗಿಯಬೇಡಿ. ಎರಡೂ ಬ್ರೇಕನ್ನು ಮೆಲ್ಲಗೆ, ಒಟ್ಟಿಗೆ ಒತ್ತಿ. ನಿಲ್ಲಿಸುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುವುದರಿಂದ ಮುಂದಿನ ಬ್ರೇಕಿಗೇ ಹಿಡಿತ ಹೆಚ್ಚು; ಮರಳಿನ ಮೇಲೆ, ತಿರುವಿನಲ್ಲಿ ಅದನ್ನು ಗಕ್ಕನೆ ಹಿಡಿದರೆ ಚಕ್ರ ಜಾರುತ್ತದೆ. ವೇಗ ತಗ್ಗಿದ ಮೇಲೆ ಬಲ ಪೆಡಲ್ ಕೆಳಗಿರಲಿ, ಅದರ ಮೇಲೆ ನಿಂತು ಸೀಟಿನಿಂದ ಮುಂದಕ್ಕೆ ಸರಿಯಿರಿ, ಸೈಕಲ್ ನಿಂತಾಗ ಎಡಗಾಲು ಊರಿ. ಮಳೆಯಲ್ಲಿ ರಿಮ್ ನೆನೆದಿದ್ದರೆ ಬ್ರೇಕ್ ತಡವಾಗಿ ಹಿಡಿಯುತ್ತದೆ, ದೂರದಿಂದಲೇ ಒತ್ತಲು ಶುರುಮಾಡಿ. ಅದು ಬಿಟ್ಟು ಬಿದ್ದ ಮೇಲೆ ಬ್ರೇಕನ್ನು ಬಯ್ದರೆ, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಯಿತು. ಬ್ರೇಕ್ ರಬ್ಬರ್ ನಿಜವಾಗಿಯೂ ಸವೆದಿದ್ದರೆ ನಾಳೆಗೆ ಬಿಡಬೇಡಿ, ಇವತ್ತೇ ಅಂಗಡಿಗೆ ತಳ್ಳಿಕೊಂಡು ಹೋಗಿ.